ಸೋದರಳಿಯನ ಪಾಲು

ಸೇತುವೆಗೆ ಅಡ್ಡ ಹಾಕಿದ್ದ ದಿಮ್ಮಿಯ ಬಳಿ, ಆಸ್ಪತ್ರೆಯಿಂದ ಹೊಳೆಯಾಚೆಯ ಗಂಡನ ಮನೆಗೆ ಮರಳುತ್ತಿದ್ದ ದೊರ್ಕಾಸಳನ್ನು ತಡೆದು ನಿಲ್ಲಿಸಿದವರೆಲ್ಲ ಅವಳ ತವರಿನವರೇ. ಕುಲಗಳ ಜಗಳ ಎಷ್ಟೇ ಬಿಸಿಯಾಗಿರಲಿ, ಹೆಂಗಸರನ್ನು ಹೋಗಿಬರಲು ಬಿಡುವುದು ಪಪುವಾದ ಈ ಬೆಟ್ಟಸೀಮೆಯ ಹಳೆಯ ಕಟ್ಟಳೆ. ಆದರೆ ಬಿಲ್ಲಿನ ಜಾಗಕ್ಕೆ ಬಂದೂಕು ಬಂದ ಮೇಲೆ ಹೆಂಗಸರ ಬಲೆಯಂತೆ ಹೆಣೆದ ಬಿಲುಮ್ ಚೀಲದೊಳಗೆ, ಗೆಣಸಿನ ಅಡಿಯಲ್ಲಿ, ತೋಟಾಗಳೂ ಹೊಳೆ ದಾಟತೊಡಗಿದ್ದವು. ಹಾಗಾಗಿ ಚೀಲ ತೋರಿಸದೆ ಯಾರೂ ಆಚೆಗೆ ಹೋಗುವಂತಿರಲಿಲ್ಲ.

ದೊರ್ಕಾಸಳ ಹಣೆಗೆ ಸಿಕ್ಕಿಸಿದ ಪಟ್ಟಿಯಿಂದ ಬೆನ್ನಿಗೆ ಎರಡು ಬಿಲುಮ್ ಇಳಿಬಿದ್ದಿದ್ದವು. ಒಂದರಲ್ಲಿ ಮಗ ಎಲಿಯಾ ಮಲಗಿದ್ದ. ಇನ್ನೊಂದನ್ನು ಕಾವಲಿನವನು ನೆಲಕ್ಕೆ ಸುರಿದ. ಬೆಳ್ಳಿ ಬಣ್ಣದ ಸಣ್ಣ ಸಣ್ಣ ಪೊಟ್ಟಣಗಳು ರಾಶಿಯಾಗಿ ಬಿದ್ದವು.

ಲಕಾಯ್ ಒಂದನ್ನು ಎತ್ತಿ ಹಿಸುಕಿ ನೋಡಿದ. ಯಾಂಬು ಕುಲದ ಕಾಳಗದ ಮುಂದಾಳು ಅವನು, ದೊರ್ಕಾಸಳಿಗೆ ಚಿಕ್ಕಪ್ಪನಾಗಬೇಕು.

“ಏನೇ ಇದು?”

“ಮಗೂಗೆ ಚಿಕ್ಕಪ್ಪ. ಕಡ್ಲೆಕಾಯಿ, ಹಾಲಿನಪುಡಿ ಎಲ್ಲ ಅರೆದು ಮಾಡಿದ್ದಂತೆ. ಆಸ್ಪತ್ರೆ ಸಿಸ್ಟರ್ ಕೊಟ್ರು. ಎರಡು ವರ್ಷ ದಾಟಿದ್ರೂ ಇವನು ವರ್ಷದ ಕೂಸಿನಷ್ಟೇ ಇದಾನೆ. ದಿನಾ ಒಂದು ತಿನ್ನಿಸ್ಬೇಕು, ಬಿಡಬಾರ್ದು ಅಂದ್ರು.”

“ಮಗೂಗೋ, ಗುಡ್ಡದ ಮೇಲೆ ಅವಿತಿರೋ ನಿನ್ನ ಗಂಡನಿಗೋ? ಒಲೆ ಹಚ್ಚೋ ಹಂಗಿಲ್ಲ, ಹೊಗೆ ಏಳಲ್ಲ. ಬಂದೂಕು ಹಿಡಿದೋರಿಗೆ ಹೇಳಿ ಮಾಡಿಸಿದ ಊಟ!”

“ನನ್ನ ಗಂಡನಿಗೆ ಹಂದಿ ಬಿಟ್ರೆ ಬೇರೇದು ಗಂಟಲಲ್ಲಿ ಇಳಿಯಲ್ಲ. ಮದುವೇಲಿ ನೀವೇ ನೋಡಿದೀರಲ್ಲ.”

ಹಿಂದಿದ್ದ ಇಬ್ಬರು ಕಿಸಕ್ಕೆಂದು ನಕ್ಕರು. ಲಕಾಯ್ ನಗಲಿಲ್ಲ.

“ಸರಿ, ಮಗೂಗೇ ಅನ್ಕೋ. ಯಾರ ಮಗ ಇವನು? ಕಿಪಾಲರ ಗಂಡುಕೂಸು. ಇವತ್ತು ನೀನು ತಿನ್ನಿಸಿ ಬೆಳೆಸ್ತೀಯ. ನಾಳೆ ಆ ದಡದಲ್ಲಿ ಕೂತು ನಮ್ಮ ಎದೆಗೇ ಗುರಿ ಇಡ್ತಾನೆ. ಏನಪ್ಪಾ ಟಿಂಡಿವಿ, ನೀನೇ ಹೇಳು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಟಿಂಡಿವಿ ದೊರ್ಕಾಸಳ ಒಡಹುಟ್ಟಿದ ಅಣ್ಣ. ತೊಡೆಯ ಮೇಲೆ ಬಂದೂಕಿಟ್ಟುಕೊಂಡು ದೂರ ಕೂತಿದ್ದ. ಈ ಜಗಳದಲ್ಲಿ ಮೊದಲು ಬಿದ್ದ ಹೆಣ ಅವನ ಹಿರಿಮಗನದು. ಹೊಡೆದದ್ದು ದೊರ್ಕಾಸಳ ಗಂಡನ ಕುಲದವರಾದ ಕಿಪಾಲರ ಗುಂಡು. ಶೋಕದ ಮನೆಗೆ ತಂಗಿ ಮೈಗೆಲ್ಲ ಮಣ್ಣು ಬಳಿದುಕೊಂಡು ಅಳುತ್ತ ಬಂದಾಗಲೂ ಅವನು ಮುಖವೆತ್ತಿರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಅವನು ಎದ್ದು ಬಂದು ಅವಳ ಬೆನ್ನ ಮೇಲಿನ ಬಿಲುಮ್ ಬಿಡಿಸಿ ಒಳಗೆ ನೋಡಿದ. ಎಚ್ಚರವಾಗಿದ್ದ ಎಲಿಯಾ ಅವನನ್ನೇ ದಿಟ್ಟಿಸಿದ.

“ಮಗುನ ಇಲ್ಲಿ ಬಿಟ್ಟುಹೋಗು. ನಿನ್ನ ಅತ್ತಿಗೆ ತಿನ್ನಿಸ್ತಾಳೆ. ನಮ್ಮನೇಲೇ ಬೆಳೀಲಿ,” ಅಂದ.

ದೊರ್ಕಾಸ್ ಅಣ್ಣನ ಮುಖದಲ್ಲಿ ಏನಿದೆಯೆಂದು ಹುಡುಕಿದಳು. ಮಗ ಹೋದ ಮನೆಗೆ ಇನ್ನೊಬ್ಬ ಮಗನನ್ನು ಕೇಳುತ್ತಿದ್ದಾನೋ, ಸತ್ತವನ ಲೆಕ್ಕ ತೀರಿಸಿಕೊಳ್ಳಲು ಕೇಳುತ್ತಿದ್ದಾನೋ ತಿಳಿಯಲಿಲ್ಲ. ಬಿಟ್ಟುಹೋದರೆ ಮಗ ಕೈತಪ್ಪಿದ ಹಾಗೆ. ಬಿಡದೆ ಹೋದರೆ ಪೊಟ್ಟಣಗಳು ಹೋದವು.

ಅವಳು ಸೇತುವೆಯ ನಡುವೆಯೇ ಚಕ್ಕಳಮಕ್ಕಳ ಕೂತುಬಿಟ್ಟಳು. ಒಂದು ಪೊಟ್ಟಣದ ಮೂಲೆ ಹಲ್ಲಿನಿಂದ ಹರಿದು ಎಲಿಯಾನ ಬಾಯಿಗಿಟ್ಟಳು. ಅವನು ಚೀಪತೊಡಗಿದ.

“ಮಗುನ ಬಿಡಲ್ಲ ಅಣ್ಣ. ಪೊಟ್ಟಣ ಬೇಕಾದ್ರೆ ನೀನೇ ಇಟ್ಕೋ. ದಿನಾ ಬೆಳಿಗ್ಗೆ ಇವನನ್ನ ಹೊತ್ಕೊಂಡು ಬರ್ತೀನಿ, ನಿಮ್ಮೆಲ್ಲರ ಕಣ್ಣೆದುರೇ ತಿನ್ನಿಸ್ತೀನಿ. ಗುಡ್ಡಕ್ಕೆ ಒಂದು ತೊಟ್ಟು ಹೋದ್ರೆ ಆಗ ಕೇಳು.”

“ಗುಂಡು ಹಾರುವಾಗ್ಲೂ ಬರ್ತೀಯೇನೇ?” ಎಂದು ಲಕಾಯ್ ಕೆಣಕಿದ.

“ಬರ್ತೀನಿ. ನೀವು ಹಾರಿಸ್ದಿದ್ರೆ ಇನ್ನೂ ಬೇಗ ಬರ್ತೀನಿ.”

ಟಿಂಡಿವಿ ಬಗ್ಗಿ ಪೊಟ್ಟಣಗಳನ್ನು ಒಂದೊಂದಾಗಿ ಹೆಕ್ಕಿ ತನ್ನ ಚೀಲಕ್ಕೆ ಹಾಕಿಕೊಂಡ.

ಸುದ್ದಿ ಕೇಳಿ ಗಂಡ ಕಾಂಡಾಸೊ ಕೆಂಡವಾದ.

“ಅವರ ಕೈಯಿಂದ ನನ್ನ ಮಗ ತಿನ್ನೋದಾ? ವಿಷ ಹಾಕಿದ್ರೆ?”

“ಬಾಯಿ ಅಂಟಿಸಿದ ಪೊಟ್ಟಣ. ಹರಿಯೋಳು ನಾನೇ.”

“ನಮ್ಮಪ್ಪನೂ ಕುಳ್ಳನೇ ಕಣೇ. ಮೂರು ಹೆಂಡ್ತೀರನ್ನ ಆಳಲಿಲ್ವಾ?”

“ನಿಮ್ಮಪ್ಪನ ತೋಟ ಯಾರೂ ಸುಟ್ಟಿರ್ಲಿಲ್ಲ. ಇವನ ಹೊಟ್ಟೆಗೆ ಬೇಯಿಸಿದ ಗೆಣಸು ಬಿಟ್ರೆ ಏನು ಬಿದ್ದಿದೆ ಹೇಳಿ. ಬರೀ ಎತ್ತರದ ಮಾತಲ್ಲ ಇದು. ಈಗ ಕೊಡದಿದ್ರೆ ತಲೇನೂ ಚುರುಕಾಗಲ್ಲ, ಬಂದ ಕಾಯಿಲೇನೂ ಬಿಡಲ್ಲ ಅಂತ ಸಿಸ್ಟರ್ ಹೇಳಿದಾರೆ.”

ಕಾಂಡಾಸೊ ಗೊಣಗುತ್ತ ಎದ್ದುಹೋದ. ಬೇಡವೆನ್ನಲಿಲ್ಲ.

ದೊರ್ಕಾಸ್ ಹೇಳಿದಂತೆ ದಿನವೂ ನಡೆದಳು. ಆ ದಡದಲ್ಲಿ ಅವಳನ್ನು ಕಿಪಾಲರ ಹೆಂಡತಿಯೆಂದರು, ಈ ದಡದಲ್ಲಿ ಯಾಂಬುಗಳ ಮಗಳೆಂದರು. ಓರಗಿತ್ತಿಯರು ಅವಳ ಮುಂದೆ ಗಂಡಸರ ಸುದ್ದಿಯೆತ್ತುವುದನ್ನೇ ಬಿಟ್ಟರು. ಸೇತುವೆಯಲ್ಲಿ ಟಿಂಡಿವಿ ಮುಖ ನೋಡದೆ ಪೊಟ್ಟಣ ಚಾಚುತ್ತಿದ್ದ. ಎಲಿಯಾ ಅದನ್ನು ಖಾಲಿ ಮಾಡುವವರೆಗೆ ಪಕ್ಕದಲ್ಲೇ ನಿಂತಿರುತ್ತಿದ್ದ. ಬರುಬರುತ್ತಾ ದೂರದಿಂದಲೇ ಅವನನ್ನು ಕಂಡು ಎಲಿಯಾ ಬಿಲುಮ್‌ನೊಳಗಿಂದ ಕೈ ಹೊರಚಾಚುವುದನ್ನು ಕಲಿತ.

ಒಂದು ಬೆಳಿಗ್ಗೆ ಅವಳು ಬಂದಾಗ ಸೇತುವೆ ಇರಲಿಲ್ಲ. ಸುಟ್ಟ ದಿಮ್ಮಿಗಳು ನೀರಲ್ಲಿ ಹೊಗೆಯಾಡುತ್ತಿದ್ದವು. ಎದುರು ದಡದಲ್ಲಿ ಯಾರೂ ಕಾಣಲಿಲ್ಲ. ಹಕ್ಕಿಯ ಸದ್ದೂ ಇಲ್ಲ. ಹಿಂದಿನ ಎತ್ತರದ ಹುಲ್ಲಿನಿಂದ ಪಿಸುದನಿಯೊಂದು ಬಂತು.

“ಕೆಳಗೆ ಕೂತ್ಕೋ! ತಲೆ ಬಗ್ಗಿಸು!”

ಕಾಂಡಾಸೊನ ದನಿ. ಅವನ ಜೊತೆಯವರೂ ಹುಲ್ಲಿನಲ್ಲಿ ಅಲ್ಲಲ್ಲಿ ಅವಿತಿದ್ದರು. ಯಾರೂ ಅವಳಿಗೆ ಹೇಳಿರಲಿಲ್ಲ.

ಅದೇ ಹೊತ್ತಿಗೆ ಆ ದಡದ ಕಾಡಿನಿಂದ ಟಿಂಡಿವಿ ಹೊರಬಂದ. ಕೈಯಲ್ಲಿ ಬಂದೂಕಿಲ್ಲ. ತಲೆಯ ಮೇಲೆ ಚೀಲ ಹೊತ್ತು ನೇರ ನೀರಿಗಿಳಿದ.

“ಏ ಹುಚ್ಚಾ! ವಾಪಸ್ ಬಾರೋ!” ಎಂದು ಲಕಾಯ್ ಕಾಡಿನೊಳಗಿಂದ ಕೂಗಿದ.

ಹುಲ್ಲಿನಲ್ಲಿ ಬಂದೂಕು ಸಜ್ಜಾದ ಖಟ್ಟೆಂಬ ಸದ್ದು ದೊರ್ಕಾಸಳಿಗೆ ಕೇಳಿಸಿತು. ಎಲಿಯಾನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅವಳೂ ನೀರಿಗಿಳಿದಳು. ಗಂಡನ ಗುರಿಗೂ ಅಣ್ಣನಿಗೂ ನೇರ ನಡುವೆ ಬರುವಂತೆ ಹೆಜ್ಜೆಯಿಟ್ಟಳು. ಮಂಜಿನಂಥ ನೀರು ಸೊಂಟಕ್ಕೆ ಬಂತು, ಎದೆಗೆ ಬಂತು.

ಹೊಳೆಯ ನಡುವೆ ಟಿಂಡಿವಿ ಚೀಲವನ್ನು ಅವಳ ತಲೆಗೆ ಸಿಕ್ಕಿಸಿದ.

“ಉಳಿದಿದ್ದೆಲ್ಲ ಇದರಲ್ಲಿದೆ. ನಾಳೆಯಿಂದ ಈ ಕಡೆ ಬರಬೇಡ. ಬಂದ್ರೆ ನನ್ನ ಕೈಲಿ ಉಳಿಸೋಕಾಗಲ್ಲ.”

“ಅಣ್ಣ, ಅವತ್ತು ಮಗುನ ಬಿಟ್ಟುಹೋಗು ಅಂದ್ಯಲ್ಲ. ಸಾಕೋಕೇ ಕೇಳಿದ್ಯಾ?”

“ಗೊತ್ತಿಲ್ಲ ತಂಗಿ. ಅವತ್ತು ನಂಗೇ ಗೊತ್ತಿರ್ಲಿಲ್ಲ.”

ಎಲಿಯಾನ ಒದ್ದೆ ಪಾದವನ್ನು ಒಮ್ಮೆ ಹಿಡಿದು ಬಿಟ್ಟ. ಆಮೇಲೆ ಕಿಪಾಲರ ಬಂದೂಕುಗಳಿಗೆ ಬೆನ್ನು ತಿರುಗಿಸಿ ನಡೆದ. ಅವನು ಮರಗಳ ಮರೆಯಾಗುವವರೆಗೂ ದೊರ್ಕಾಸ್ ನೀರಿನಲ್ಲೇ ನಿಂತಿದ್ದಳು, ಕಾಲು ಮರಗಟ್ಟಿಹೋಗಿತ್ತು.

ದಡ ಹತ್ತಿದಾಗ ಜೊತೆಯವನೊಬ್ಬ ಕಾಂಡಾಸೊನನ್ನು ಬಯ್ಯುತ್ತಿದ್ದ. “ಕೈಗೆ ಸಿಕ್ಕಿದ್ನಲ್ಲೋ! ಯಾಕೆ ಬಿಟ್ಟೆ?”

“ಮಗ ಅಡ್ಡ ಇದ್ದ,” ಅಂದ ಕಾಂಡಾಸೊ.

“ಆಮೇಲೆ, ಅವನು ದಡ ಹತ್ತುವಾಗ ಇರ್ಲಿಲ್ವಲ್ಲ?”

ಕಾಂಡಾಸೊ ಹೆಂಡತಿಯ ತಲೆಯಿಂದ ಚೀಲ ಇಳಿಸಿ ತಾನೇ ಹೊತ್ತುಕೊಂಡ.

ಆ ಮಧ್ಯಾಹ್ನವೇ ಗುಂಡಿನ ಸದ್ದು ಶುರುವಾಯಿತು. ರಾಜಿಯಾಗಿ, ಸತ್ತವರಿಗೆ ಪರಿಹಾರವೆಂದು ಹಂದಿಗಳನ್ನು ಕೊಟ್ಟು ತಂದು ಮುಗಿಯುವ ಹೊತ್ತಿಗೆ ಮುಂದಿನ ಗೆಣಸಿನ ಬೆಳೆಯೂ ಬಂದಿತ್ತು. ಟಿಂಡಿವಿ ಬದುಕುಳಿದ, ಒಂದು ಕಾಲು ಎಳೆದು ನಡೆಯುತ್ತಾನೆ. ಚೀಲದಲ್ಲಿದ್ದದ್ದು ಮುಗಿದ ಮೇಲೆ ಎಲಿಯಾನಿಗೆ ಬಹುಕಾಲ ಬೇರೆ ಪೊಟ್ಟಣ ಸಿಗಲಿಲ್ಲ. ದಾರಿ ತೆರೆದಾಗ ಸಿಸ್ಟರ್ ಮತ್ತೆ ಅಳೆದು, “ಚೇತರಿಸಿದಾನೆ. ಆದ್ರೆ ಹೋದದ್ದೆಲ್ಲ ವಾಪಸ್ ಬರಲ್ಲಮ್ಮ,” ಅಂದರು.

ಎಲಿಯಾ ಈಗ ಶಾಲೆಗೆ ಹೋಗುತ್ತಾನೆ. ಓರಗೆಯವರಿಗಿಂತ ಗಿಡ್ಡ, ಆದರೆ ಪಾಠದಲ್ಲಿ ಹಿಂದಿಲ್ಲ. ದೊರ್ಕಾಸಳಿಗೆ ಆಮೇಲೆ ಹೆಣ್ಣುಮಗುವೊಂದು ಹುಟ್ಟಿತು. ಅದು ಕೂರುವುದನ್ನು ಕಲಿಯುವ ಮೊದಲೇ ಅವಳು ಅದನ್ನು ಬಿಲುಮ್‌ನಲ್ಲಿಟ್ಟುಕೊಂಡು ಆಸ್ಪತ್ರೆಯ ಬಾಗಿಲಿಗೆ ಹೋಗಿ ಕೂತಿದ್ದಳು.