ಕನ್ನಡಕದ ಕಡ್ಡಿಯ ದಪ್ಪ

ಎರಡನೆಯ ಕಣ್ಣಿನ ಪೊರೆ ತೆಗೆಸಿಕೊಂಡ ಮೂವತ್ತೆಂಟನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸಾಹೇಬರು ಹೆಂಡತಿಯ ಹೆಡ್‌ಫೋನ್ ಹಾಕಿಕೊಂಡರು. ಬೇಕೆಂದು ಹಾಕಿಕೊಂಡದ್ದಲ್ಲ. ತಲೆಗೆ ಬಿಗಿಯಾದದ್ದೇನನ್ನೂ ಒಂದು ತಿಂಗಳು ಹಾಕಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದೇ ತಡ, ಅವರ ಹೆಂಡತಿ ಮನೆಯಲ್ಲಿದ್ದ ಒಂಬತ್ತು ಹೆಡ್‌ಫೋನುಗಳನ್ನೂ ಡಬ್ಬಗಳಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದ್ದರು. ತಿಂಗಳು ಕಳೆದರೂ ಅವು ಕೆಳಗಿಳಿದಿರಲಿಲ್ಲ. ಕೈಗೆ ಸಿಕ್ಕದ್ದು ಇಸ್ತ್ರಿ ಮೇಜಿನ ಪಕ್ಕ ಮೊಳೆಗೆ ನೇತುಬಿದ್ದಿದ್ದ ಇದೊಂದೇ.

ಕಿವಿ ಮುಚ್ಚುವ ಮರದ ಕಪ್ಪುಗಳ, ಹಿಂಬದಿ ಮುಚ್ಚಿದ ಹೆಡ್‌ಫೋನ್. ತೂಕ ಮುನ್ನೂರ ಹನ್ನೆರಡು ಗ್ರಾಂ. ಸಾಹೇಬರಿಗೆ ಅದು ಬಾಯಿಪಾಠ, ಏಕೆಂದರೆ ಹನ್ನೊಂದು ವರ್ಷದ ಹಿಂದೆ ಅದನ್ನು ತೂಗಿದವರು ಅವರೇ. ಅದರ ಬಗ್ಗೆ ಹೆಡ್‌ಫೋನ್ ಪರೀಕ್ಷೆಯ ಪುಸ್ತಕದಲ್ಲಿ ಬರೆದವರೂ ಅವರೇ: 'ತಲೆಪಟ್ಟಿ ಹಿತ. ಎರಡು ಗಂಟೆಯಾದರೂ ಕಿವಿ ಬಿಸಿಯಾಗುವುದಿಲ್ಲ. ನಡುವಿನ ಸ್ವರಗಳು ಶುದ್ಧ. ತಗ್ಗು ಸ್ವರ ಇಲ್ಲವೆನ್ನುವಷ್ಟು ಸಣ್ಣ. ತಳ ಒಡೆದ ಕೊಡಕ್ಕೆ ನೀರು ಹಿಡಿದ ಹಾಗೆ.'

ಈಗ ಆ ಕೊಡ ತುಂಬಿತ್ತು. ಅವರು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಆರು ಸಂಗೀತದ ತುಣುಕುಗಳಲ್ಲಿ ಮೂರನೆಯದು ಒಂದು ದೊಡ್ಡ ತಂತಿವಾದ್ಯದ್ದು. ಅದರ ಅತಿ ತಗ್ಗಿನ ಸ್ವರ ನೆಲದಿಂದ ಎದ್ದು ಬಂದು ಕುರ್ಚಿಯ ಹಿಂದೆ ನಿಂತ ಹಾಗೆ ಕೇಳಿಸಿತು. ಸಾಹೇಬರು ಹೆಡ್‌ಫೋನ್ ತೆಗೆದರು, ತಿರುಗಿಸಿ ನೋಡಿದರು, ಮತ್ತೆ ಹಾಕಿಕೊಂಡರು. ಸ್ವರ ಅಲ್ಲೇ ಇತ್ತು.

"ಇದನ್ನ ಯಾರಾದ್ರೂ ಬಿಚ್ಚಿ ರಿಪೇರಿ ಮಾಡಿದ್ರಾ?"

"ನಾನು ಇಸ್ತ್ರಿಪೆಟ್ಟಿಗೇನೇ ರಿಪೇರಿಗೆ ಕೊಟ್ಟಿಲ್ಲ," ಎಂದರು ಹೆಂಡತಿ, ಅಂಗಿಯ ಕಾಲರು ತಿರುವುತ್ತ. "ಯಾಕ್ರೀ?"

"ಬೇಸ್ ಬಂದಿದೆ."

"ಅದು ಎಲ್ಲಿಗೆ ಹೋಗಿತ್ತು ಬರೋದಕ್ಕೆ?"

ಸಾಹೇಬರು ಮೂರನೆಯ ತುಣುಕನ್ನು ಮೊದಲಿಂದ ಹಾಕಿದರು.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. ಸಾಹೇಬರು ಎಂಬ ಹೆಸರು ಅಲ್ಲಿಂದ ಬಂದು ಹಾಗೇ ಅಂಟಿಕೊಂಡಿತ್ತು. ಒಳ್ಳೆಯ ಹೆಡ್‌ಫೋನುಗಳ ಹುಚ್ಚಿದ್ದ ಹತ್ತು ಹನ್ನೆರಡು ಜನ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರುತ್ತಿದ್ದರು. ರೋಗಿಗಳು ಕಾಯುವ ಕೋಣೆ ಅಂದು ಖಾಲಿ. ಮೆತ್ತನೆಯ ಸೋಫಾ, ದಪ್ಪ ಪರದೆ, ಸದ್ದಿಲ್ಲ. "ವಾರವೆಲ್ಲ ಇಲ್ಲಿ ಬಾಯಿ ತೆರೀತಾರೆ, ಭಾನುವಾರ ಕಿವಿ," ಎನ್ನುವುದು ಡಾಕ್ಟರ ಹಳೆಯ ಜೋಕು. ಯಾರೂ ನಗುತ್ತಿರಲಿಲ್ಲ, ಅವರೂ ಬಿಡುತ್ತಿರಲಿಲ್ಲ.

ಆ ಗುಂಪಿನ ಪುಸ್ತಕ ಬರೆಯುವವರು ಸಾಹೇಬರು. ಒಂದು ಹೆಡ್‌ಫೋನಿಗೆ ಮೂರು ಬೈಠಕ್ಕು, ಅದೇ ಕುರ್ಚಿ, ಅದೇ ಆರು ತುಣುಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಕ, ತಲೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳತೆ, ಕಿವಿ ಬಿಸಿಯಾಗಲು ಎಷ್ಟು ನಿಮಿಷ ಎಂಬ ಲೆಕ್ಕ. ಕೇಳುವಾಗ ಯಾರೂ ಕೈಯಿಂದ ಕಪ್ ಮುಟ್ಟಕೂಡದು. "ಒತ್ತಿ ಕೇಳೋದು ಅಂದ್ರೆ ತಕ್ಕಡಿ ತಟ್ಟೆ ಮೇಲೆ ಬೆರಳಿಟ್ಟ ಹಾಗೆ," ಎನ್ನುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಇನ್ನೂರ ಹದಿನಾಲ್ಕು ಹೆಡ್‌ಫೋನುಗಳು. ಬೇರೆ ಊರುಗಳವರೂ ಪುಟಗಳ ಜೆರಾಕ್ಸ್ ಕೇಳಿ ತರಿಸಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಅವರನ್ನು ಸಾಹೇಬರನ್ನಾಗಿ ಉಳಿಸಿದ್ದು ಆ ಪುಸ್ತಕ ಒಂದೇ.

ಅಂಥವರು ಕಾರಣ ತಿಳಿಯದೆ ಕೂರುವುದಿಲ್ಲ. ಫೋನು ಅದೇ, ಹಾಡು ಅದೇ, ಕುರ್ಚಿ ಅದೇ. ಬದಲಾದದ್ದೇನು? ಹಿಂದಿನ ತಿಂಗಳಿಂದ ಈ ತಿಂಗಳಿಗೆ ಬದಲಾದದ್ದು ಒಂದೇ ಒಂದು. ಅವರು ಎದ್ದು ಡ್ರಾಯರು ತೆರೆದು ಹಳೆಯ ಕನ್ನಡಕ ತೆಗೆದರು. ಮೈನಸ್ ಒಂಬತ್ತರ ಗಾಜು. ಆ ಭಾರಕ್ಕೆಂದು ಅಗಲವಾದ, ದಪ್ಪನೆಯ ಕಪ್ಪು ಕಡ್ಡಿಗಳು. ಪೊರೆ ತೆಗೆಯುವ ತನಕ ಎದ್ದ ಗಳಿಗೆಯಿಂದ ಮಲಗುವ ಗಳಿಗೆವರೆಗೆ ಅದು ಮುಖದ ಮೇಲೇ ಇರುತ್ತಿತ್ತು. ಅದಿಲ್ಲದೆ ಅವರಿಗೆ ಪುಸ್ತಕವಿರಲಿ, ಮೇಜೂ ಕಾಣುತ್ತಿರಲಿಲ್ಲ.

ಕನ್ನಡಕ ಹಾಕಿ, ಅದರ ಮೇಲೆ ಹೆಡ್‌ಫೋನ್ ಹಾಕಿದರು. ಸ್ವರ ಹೋಯಿತು. ಕನ್ನಡಕ ತೆಗೆದರು. ಬಂತು. ಹಾಕಿದರು. ಹೋಯಿತು. ಏಳು ಸಲ ಮಾಡಿದರು. ಕಡ್ಡಿ ಕಿವಿಯ ಮೇಲೆ ಹಾದುಹೋಗುವ ಜಾಗದಲ್ಲಿ ಕಪ್ಪಿನ ಮೆತ್ತೆ ಒಂದಿಷ್ಟು ಎದ್ದುಕೊಳ್ಳುತ್ತಿತ್ತು. ಆ ಸಂದಿಯಲ್ಲಿ ತಗ್ಗು ಸ್ವರವೆಲ್ಲ ಸೋರಿಹೋಗುತ್ತಿತ್ತು. ಒಂದು ಸಲ ಬೆರಳಿನಿಂದ ಕಪ್ ಒತ್ತಿದ್ದರೆ ಸಂದಿ ಮುಚ್ಚಿಕೊಂಡು ಅಂದೇ ಗೊತ್ತಾಗಿಬಿಡುತ್ತಿತ್ತು. ಒತ್ತಬಾರದೆಂಬ ನಿಯಮ ಅವರದೇ.

"ಸ್ವಲ್ಪ ಇಲ್ಲಿ ಬಾ," ಎಂದು ಹೆಂಡತಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿಸಿ, ಮೆತ್ತೆಯ ಕೆಳಗೆ ಒಂದು ಪೆನ್ಸಿಲ್ ತೂರಿಸಿದರು. "ಏನಾಯ್ತು?"

"ತೆಳ್ಳಗಾಯ್ತು. ಮೊದಲು ಗುಂ ಅಂತಿತ್ತು." ಆಕೆ ಪೆನ್ಸಿಲ್ ನೋಡಿದರು, ಮೇಜಿನ ಮೇಲಿದ್ದ ಕನ್ನಡಕ ನೋಡಿದರು, ಗಂಡನನ್ನು ನೋಡಿದರು. "ರೀ, ನಾನು ಹನ್ನೊಂದು ವರ್ಷದಿಂದ ಹೇಳ್ತಿದ್ದೆ. ಇದರಲ್ಲಿ ಚೆನ್ನಾಗಿ ಕೇಳತ್ತೆ ಅಂತ. ನೀವು ಏನಂದ್ರಿ? ರೇಡಿಯೋ ನಾಟಕ ಕೇಳೋರಿಗೆ ಬೇಸ್ ಯಾಕೆ ಅಂದ್ರಿ."

"ಅಂದಿದ್ದೆ."

"ಮೂಗಿನ ಮೇಲೆ ಇಟ್ಕೊಂಡು ಊರೆಲ್ಲ ಹುಡುಕಿದ್ರಿ."

ಅವರು ನಗಲಿಲ್ಲ. ಅದನ್ನು ಕಂಡು ಹೆಂಡತಿಯೂ ನಗು ನಿಲ್ಲಿಸಿದರು. ಈ ಹೆಡ್‌ಫೋನ್ ಮನೆಗೆ ಹೇಗೆ ಬಂತೆಂಬುದು ಇಬ್ಬರಿಗೂ ಗೊತ್ತಿತ್ತು.

ಅದನ್ನು ಮಾಡಿದವಳು ಕುರ್ಚಿ ಕಾಲು ಕಡೆಯುವ ಒಬ್ಬ ಹೆಂಗಸು. ಗುಂಪಿನವರೆಲ್ಲ ಲೇತಕ್ಕ ಎನ್ನುತ್ತಿದ್ದರು. ಮರ ಕಡೆಯುವ ಲೇತ್ ಯಂತ್ರದ ಅಕ್ಕ. ತಾನೇ ಕಪ್ ಕಡೆದು, ಮೆತ್ತೆ ಹೊಲಿದು, ಒಂದು ಜೋಡಿ ತಂದು ಹಲ್ಲಿನ ಡಾಕ್ಟರ ಸೋಫಾದ ಮೇಲೆ ಇಟ್ಟಿದ್ದಳು. ಸಾಹೇಬರು ಮೂರು ಬೈಠಕ್ಕು ಕೇಳಿ ತಳ ಒಡೆದ ಕೊಡ ಎಂದು ಬರೆದರು. ಅವಳು ಮರುಮಾತಾಡದೆ ಎರಡು ವರ್ಷ ಹೊಸ ಹೊಸ ಜೋಡಿ ಮಾಡಿ ತಂದಳು, ಆಮೇಲೆ ಬರುವುದನ್ನು ನಿಲ್ಲಿಸಿದಳು. ಮೊದಲನೆಯ ಜೋಡಿಯನ್ನು ಸಾಹೇಬರ ಹೆಂಡತಿ ಪಾಪವೆಂದು ಕೊಂಡಿದ್ದರು.

ಮುಂದಿನ ಮೂರು ವಾರ ಸಾಹೇಬರು ಅಟ್ಟದ ಡಬ್ಬ ಇಳಿಸಿ, ಉಳಿದವನ್ನು ಅವರಿವರಿಂದ ಎರವಲು ತಂದು, ಮತ್ತೆ ಕೇಳಿದರು. ಹಿಂಬದಿ ತೆರೆದ ಹೆಡ್‌ಫೋನುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮುಚ್ಚಿದವು ಪುಸ್ತಕದಲ್ಲಿ ಅರವತ್ತೊಂದಿದ್ದವು, ಹದಿನಾಲ್ಕು ಸಿಕ್ಕವು, ಹನ್ನೆರಡರ ಬಗ್ಗೆ ಬರೆದದ್ದು ತಪ್ಪು.

ಇಲಾಖೆಯಲ್ಲಿದ್ದಾಗ ಒಮ್ಮೆ ಅವರ ಕೈಕೆಳಗಿನ ಅಧಿಕಾರಿಯೊಬ್ಬನ ಮಾದರಿ ತೂಕದ ಅಂಚು ಒಡೆದಿತ್ತು. ಎರಡು ಗ್ರಾಂ ಕಡಿಮೆ. ಆ ತೂಕ ಇಟ್ಟು ಮುದ್ರೆ ಒತ್ತಿದ ನಲವತ್ತು ಅಂಗಡಿಗಳಿಗೂ ಅವನೇ ಮತ್ತೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಮುದ್ರೆ ರದ್ದು ಮಾಡಬೇಕೆಂದು ನೋಟಿಸು ಕೊಟ್ಟವರು ಇದೇ ಸಾಹೇಬರು. ಅವನು ಕಾಲಿಗೆ ಬೀಳುವುದೊಂದು ಬಾಕಿ. ಸಾಹೇಬರು ಬಿಟ್ಟಿರಲಿಲ್ಲ.

ವಿಷಯ ತಿಳಿಸಿದಾಗ ಹಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದರು, "ಬಿಡಿ ಸಾರ್. ಇದು ಹವ್ಯಾಸ, ಕೋರ್ಟಲ್ಲ. ಇನ್ಮೇಲೆ ಸರಿಯಾಗಿ ಬರೆದ್ರಾಯ್ತು. ಹೇಳಿದ್ರೆ ಪುಸ್ತಕ ಯಾರು ನಂಬ್ತಾರೆ?"

"ಅದೇ ನನಗೂ ಭಯ," ಎಂದರು ಸಾಹೇಬರು. "ಆದ್ರೆ ಮೊದಲು ಒಬ್ಬರಿಗೆ ಹೇಳ್ಬೇಕು. ಗುಂಪಿಗೆ ಆಮೇಲೆ."

ಲೇತಕ್ಕನ ಷೆಡ್ಡಿನಲ್ಲಿ ಮಧ್ಯಾಹ್ನ ಮೂರರ ಬಿಸಿಲು ತಗಡಿನ ಸಂದಿಯಿಂದ ಬೀಳುತ್ತಿತ್ತು. ಅವಳು ಒಂದು ಕುರ್ಚಿಯ ನಾಲ್ಕನೆಯ ಕಾಲನ್ನು ಕಡೆಯುತ್ತಿದ್ದಳು. ಬಾಗಿಲಲ್ಲಿ ನಿಂತವರನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಸಾರ್, ನೀವಾ? ಮುಖ ಬೋಳು ಬೋಳಾಗಿ ಕಾಣ್ತಿದೆ."

"ಅದನ್ನೇ ಹೇಳೋಕೆ ಬಂದೆ."

ಅವರು ಪೀಠಿಕೆಯಿಲ್ಲದೆ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದರು. ಚೀಲದಿಂದ ಅವಳ ಹೆಡ್‌ಫೋನನ್ನೂ ತಮ್ಮ ಕನ್ನಡಕವನ್ನೂ ತೆಗೆದು ಬೆಂಚಿನ ಮೇಲಿಟ್ಟರು. ಅವಳು ಯಂತ್ರ ನಿಲ್ಲಿಸಿದಳು. ಆಮೇಲೆ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದಿಟ್ಟು ಹೆಡ್‌ಫೋನ್ ಹಾಕಿಕೊಂಡು, ಅವರು ಹಾಕಿದ ಮೂರನೆಯ ತುಣುಕನ್ನು ಕೊನೆಯವರೆಗೆ ಕೇಳಿದಳು. ಮತ್ತೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಅದೇ ತುಣುಕನ್ನು ಕೇಳಿದಳು.

"ಯಾವಾಗ ಹಾಕ್ಕೊಂಡ್ರೂ ಪೆನ್ಸಿಲ್ ತೆಗೆದೇ ಹಾಕ್ಕೊತಿದ್ದೆ," ಎಂದಳು. "ಒತ್ತತ್ತೆ ಅಂತ. ಅದಕ್ಕಿಂತ ಹೆಚ್ಚು ಯೋಚನೆ ಮಾಡ್ಲಿಲ್ಲ."

ಅವಳು ಗೋಡೆಯ ಹಲಗೆಯ ಕಡೆ ಕೈ ತೋರಿಸಿದಳು. ಮರದ ಬಟ್ಟಲುಗಳ ಸಾಲು. ಒಂದೊಂದರಲ್ಲಿ ಒಂದೊಂದು ಅಳತೆಯ ಸ್ಕ್ರೂ. ಎಡದಿಂದ ಬಲಕ್ಕೆ ಬಟ್ಟಲು ಆಳವಾಗುತ್ತ ಹೋಗಿತ್ತು. ಅವು ಹೆಡ್‌ಫೋನಿನ ಕಪ್ಪುಗಳೆಂದು ಸಾಹೇಬರಿಗೆ ತಡವಾಗಿ ತಿಳಿಯಿತು.

"ಹದಿನೇಳು ಜೋಡಿ. ಬೇಸ್ ಬರ್ಲಿ ಅಂತ ಕೊರೀತಾ ಹೋದೆ. ಕೊನೆಗೆ ಡ್ರಮ್ಮಿನೊಳಗೆ ತಲೆ ಇಟ್ಟ ಹಾಗಾಯ್ತು. ಉಳಿದವರೆಲ್ಲ ಕಿವಿ ಮುಚ್ಕೊಂಡ್ರು, ನೀವೊಬ್ರು ಇನ್ನೂ ಸ್ವಲ್ಪ ಕಮ್ಮಿ ಅಂದ್ರಿ."

"ಅಂದಿದ್ದೆ. ಹದಿನೇಳನೇದಕ್ಕೆ."

"ನಿಮ್ಮ ಮೇಲೆ ಕೋಪ ಇಲ್ಲ ಅಂತ ನಾನು ಹೇಳಲ್ಲ."

"ಹೇಳೋದೂ ಬೇಡ."

"ನನ್ನ ಮೇಲೆ ಅದಕ್ಕಿಂತ ಜಾಸ್ತಿ ಇದೆ. ಮೊದಲನೇ ಜೋಡೀಲೇ ನನ್ನ ಕಿವಿಗೆ ಕೇಳ್ತಿತ್ತು ಸಾರ್. ಪುಸ್ತಕದಲ್ಲಿ ಇಲ್ಲ ಅಂತ ಬರೆದಿದ್ದಕ್ಕೆ, ಇಲ್ಲ ಅಂದ್ಕೊಂಡೆ."

ಸಾಹೇಬರು, ಇಲಾಖೆಯಲ್ಲಿ ಮಾಡುತ್ತಿದ್ದ ಹಾಗೆ, ಮುಚ್ಚಿದ ಹೆಡ್‌ಫೋನುಗಳ ಅರವತ್ತೊಂದು ಪುಟಗಳ ಮೇಲೂ ಕೆಂಪು ಗೆರೆ ಎಳೆದು ರದ್ದು ಎಂದು ಬರೆಯುತ್ತೇನೆ ಎಂದರು.

"ಗೆರೆ ಎಳೀಬೇಡಿ," ಎಂದಳು ಅವಳು. "ಅದನ್ನ ಹೊಡೆದು ಹಾಕಿದ್ರೆ ನಾನು ಎರಡು ವರ್ಷ ಏನು ಮಾಡ್ತಿದ್ದೆ ಅನ್ನೋದಕ್ಕೂ ಸಾಕ್ಷಿ ಇರಲ್ಲ. ಕೆಳಗೆ ಜಾಗ ಇದ್ಯಲ್ಲ, ಅಲ್ಲಿ ಬರೀರಿ. ನೀವು ಬರೆದದ್ದು ಸುಳ್ಳೂ ಅಲ್ಲ. ಯಾರ ತಲೆ ಅಂತ ಬರೀಲಿಲ್ಲ, ಅಷ್ಟೆ."

ಭಾನುವಾರ ಎಂಟು ಜನ ಬಂದಿದ್ದರು. ಸಾಹೇಬರು ನಿಂತುಕೊಂಡೇ ಓದಿದರು. ಓದಿದ್ದು ಅರ್ಧ ಪುಟ; ವಿಶೇಷಣಗಳಿರಲಿಲ್ಲ. ಮುಗಿದ ಮೇಲೆ ಮೊದಲು ಮಾತಾಡಿದ್ದು ಗುಂಪಿನಲ್ಲಿದ್ದ ಒಬ್ಬ ಬಸ್ ಡ್ರೈವರು.

"ನಾನು ಅವತ್ತೇ ಕಪ್ ಒತ್ತಿದ್ದೆ ಸಾಹೇಬ್ರೇ. ಬೇಸ್ ಬಂತು. ಹೇಳೋಣ ಅಂತ ಬಾಯಿ ತೆರೆದೆ. ನೀವು ನೋಡಿದ ನೋಟಕ್ಕೆ ಬಸ್ಸು ರಿವರ್ಸ್ ತಗೊಂಡೆ."

ಎರಡು ಮೂರು ಜನ ನಕ್ಕರು. ನಗದೆ ಇದ್ದವರು ತಮ್ಮ ಹೆಡ್‌ಫೋನುಗಳ ಕಡೆ ನೋಡುತ್ತಿದ್ದರು. ಆ ಪುಸ್ತಕ ಓದಿ ಬೇಡವೆಂದು ಬಿಟ್ಟದ್ದು, ಕೊಟ್ಟುಬಿಟ್ಟದ್ದು ಒಬ್ಬೊಬ್ಬರಿಗೂ ಒಂದೊಂದಿತ್ತು. ಸಾಹೇಬರು ಪುಸ್ತಕವನ್ನು ಹಳೆಯ ವಾರಪತ್ರಿಕೆಗಳ ಜೊತೆ ಮೇಜಿನ ಮೇಲಿಟ್ಟು, "ಇನ್ನು ಯಾರು ಬರೀತೀರೋ ಬರೀರಿ," ಎಂದು ತಮ್ಮ ಕುರ್ಚಿ ಬಿಟ್ಟು ಸೋಫಾದ ತುದಿಯಲ್ಲಿ ಕೂತರು. ಯಾರೂ ಪುಸ್ತಕ ಮುಟ್ಟಲಿಲ್ಲ. ನೀವೇ ಬರೀರಿ ಎಂದೂ ಯಾರೂ ಹೇಳಲಿಲ್ಲ.

ಬಾಗಿಲು ತೆರೆಯಿತು. ಒಂಬತ್ತು ವರ್ಷದ ಮೇಲೆ ಲೇತಕ್ಕ ಒಳಗೆ ಬಂದಳು. ಕೈಯಲ್ಲಿ ಮರದ ದಪ್ಪ ಅಳೆಯುವ ಕ್ಯಾಲಿಪರ್.

"ಸಾರ್, ಆ ಕನ್ನಡಕ ತಂದಿದೀರಾ?"

ಅವರು ಜೇಬಿನಿಂದ ತೆಗೆದುಕೊಟ್ಟರು. ಅವಳು ಕಿಟಕಿಯ ಬೆಳಕಿಗೆ ಹೋಗಿ ಕಡ್ಡಿಯನ್ನು ಮೂರು ಕಡೆ ಅಳೆದಳು.

"ಐದೂವರೆ ಮಿಲಿಮೀಟರ್. ಇದು ಒಂದು ತಿಂಗಳು ನನ್ನ ಹತ್ರ ಇರ್ಲಿ."

"ಯಾಕಮ್ಮ?" ಎಂದರು ಡಾಕ್ಟರು.

"ಮೆತ್ತೇಲಿ ಈ ಜಾಗಕ್ಕೆ ಕಡ್ಡಿ ಕೂರೋ ಹಾಗೆ ಒಂದು ಸಣ್ಣ ಹಳ್ಳ ಮಾಡಿ, ಒಳಗೆ ಮೆತ್ತನೆ ಸ್ಪಂಜು ಕೂರಿಸಿ ನೋಡ್ತೀನಿ. ಆಗತ್ತೋ ಇಲ್ವೋ ಗೊತ್ತಿಲ್ಲ. ಇಲ್ಲಿ ಕನ್ನಡಕದವರು ಎಷ್ಟು ಜನ ಇದೀರಿ ಎಣಿಸಿ."

ಎಂಟರಲ್ಲಿ ಐವರು. ಎಣಿಸಿದವರೇ ಬೆರಗಾದರು.

ಅವಳು ಮೇಜಿನ ಮೇಲಿದ್ದ ಪುಸ್ತಕ ತೆರೆದು, ತನ್ನ ಪುಟ ಹುಡುಕಿ, ತಳ ಒಡೆದ ಕೊಡದ ಸಾಲನ್ನು ಒಮ್ಮೆ ಓದಿಕೊಂಡು, ಪುಸ್ತಕವನ್ನು ಸಾಹೇಬರ ತೊಡೆಯ ಮೇಲೆ ಇಟ್ಟಳು.

"ಕೆಳಗೆ ಬರೀರಿ. ಯಾರ ತಲೆ, ಕಡ್ಡಿ ಎಷ್ಟು ದಪ್ಪ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರತ್ತೆ."

ಸಾಹೇಬರು ಪೆನ್ನು ತೆಗೆದರು. ಹತ್ತಿರದ ಅಕ್ಷರ ಕಾಣಲು ಅವರಿಗೆ ಈಗಲೂ ಕನ್ನಡಕ ಬೇಕು. ಕಣ್ಣಿನ ಡಾಕ್ಟರು ಬರೆದುಕೊಟ್ಟ ತೆಳ್ಳನೆಯ ತಂತಿಯದನ್ನು ಅಂಗಿಯ ಜೇಬಿನಿಂದ ತೆಗೆದು ಹಾಕಿಕೊಂಡರು.

"ಅಕ್ಕ, ಅದನ್ನೂ ಅಳೆದುಬಿಡಿ," ಎಂದ ಬಸ್ ಡ್ರೈವರು. "ಆಮೇಲೆ ಇನ್ನು ಹದಿನಾಲ್ಕು ವರ್ಷ ಆದ್ಮೇಲೆ ತಿದ್ದುಪಡಿ ಬೇಡ."

ಸಾಹೇಬರು ಅಲ್ಲಾಡದೆ ಕೂತರು. ಲೇತಕ್ಕ ಬಗ್ಗಿ, ಅವರ ಕಿವಿಯ ಮೇಲಿನ ಕಡ್ಡಿಯನ್ನು ಕ್ಯಾಲಿಪರಿನ ಬಾಯಿಗೆ ಹಿಡಿದು, ಅಂಕಿ ಹೇಳಿದಳು. ಅವರು ಎರಡನ್ನೂ ಬರೆದರು. ಹಳೆಯದು ಮೇಲೆ, ಹೊಸದು ಕೆಳಗೆ. ದಿನಾಂಕ ಹಾಕಿದರು. ಆಮೇಲೆ ತುಸು ಯೋಚಿಸಿ, ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರು: 'ಇದೇ ಹೆಡ್‌ಫೋನ್, ನನ್ನ ಹೆಂಡತಿಯ ತಲೆ, ಕನ್ನಡಕವಿಲ್ಲ, ಹನ್ನೊಂದು ವರ್ಷ: ಚೆನ್ನಾಗಿ ಕೇಳುತ್ತದೆ.'