ಒಳಕೋಣೆಗೆ ಹೋಗದ ವಕ್ತಾರೆ

ಪ್ರಧಾನಿಯವರ ವಕ್ತಾರೆ ಎಂದರೆ ಎಲ್ಲ ಗೊತ್ತಿರುವವಳು ಎಂದು ಹೊರಗಿನವರು ತಿಳಿದಿರುತ್ತಾರೆ. ಅದೆಲ್ಲ ಭ್ರಮೆ! ಬೇಕಾದಷ್ಟೇ ತಿಳಿದುಕೊಂಡು ಉಳಿದದ್ದಕ್ಕೆ ಕಿವಿ ಮುಚ್ಚಿಕೊಳ್ಳುವುದೇ ಆ ಕೆಲಸದ ಗುಟ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಸುಳ್ಳಾಗುವುದಿಲ್ಲವಲ್ಲ. ನಮ್ಮ ವಕ್ತಾರೆ ಹೀಗೆ ವರ್ಷಗಟ್ಟಲೆ ಒಂದೇ ಒಂದು ಸುಳ್ಳೂ ಹೇಳದೆ ಬಂದಿದ್ದಳು. ಆ ಹೆಮ್ಮೆ ಅವಳಿಗೆ ಪ್ರಾಣ. ಪ್ರಧಾನಿಯವರ ಒಳಕೋಣೆಗಂತೂ ಕರೆಯದೆ ಕಾಲಿಡುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಈ ಹೆಮ್ಮೆಗೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. "ಅಲ್ಲ ಕಣಮ್ಮ, ಗೊತ್ತಿಲ್ಲ ಅನ್ನೋದಕ್ಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನನ್ನ ಮಗನಿಗೂ ಅಲ್ಲೇ ಒಂದು ಕೆಲಸ ನೋಡು," ಎಂದು ಅತ್ತೆ ಟಿವಿ ಮುಂದೆ ಕೂತು ಕಿಚಾಯಿಸುತ್ತಿದ್ದರು. ಗಂಡ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ.

ಆ ವಾರ ಪ್ರಧಾನಿ ಹೊರಗೆ ಕಾಣಿಸಿಕೊಳ್ಳಲೇ ಇಲ್ಲ. ನೆಗಡಿ, ವಿಶ್ರಾಂತಿಯಲ್ಲಿದ್ದಾರೆ ಎಂದು ಆಪ್ತ ಕಾರ್ಯದರ್ಶಿ ಹೇಳಿಕೊಟ್ಟ. ಅವಳು ಪತ್ರಿಕಾಗೋಷ್ಠಿಯಲ್ಲಿ ಅಷ್ಟನ್ನೇ ಒಪ್ಪಿಸುತ್ತಾ ಬಂದಳು. ಆದರೆ ಒಂದು ಬೆಳಿಗ್ಗೆ ಒಳಕೋಣೆಯ ಬಾಗಿಲು ಅರೆಗಳಿಗೆ ತೆರೆದಾಗ ಗೋಡೆಯ ಮೇಲೆ ಅಂಟಿಸಿದ ಕಾಗದದ ಬಾಣವೊಂದು ಕಂಡಿತು. ಬಾಣದ ಕೆಳಗೆ ದಪ್ಪ ಅಕ್ಷರದಲ್ಲಿ 'ಬಚ್ಚಲು' ಎಂದು ಬರೆದಿತ್ತು. ಇಷ್ಟು ವರ್ಷ ಅದೇ ಕೋಣೆಯಲ್ಲಿದ್ದವರಿಗೆ ಬಚ್ಚಲಿನ ದಾರಿ ತೋರಿಸಬೇಕೆ? ಅವಳ ತಲೆಗೆ ಹುಳ ಹೊಕ್ಕಿತು.

"ಒಳಗೆ ಬಾಣ ಯಾಕೆ ಸಾರ್?"

"ನೋಡಿ ಮೇಡಂ," ಎಂದ ಕಾರ್ಯದರ್ಶಿ. "ನೀವು ಕೇಳಿದ್ರೆ ನಾನು ಹೇಳಬೇಕಾಗುತ್ತೆ. ನಾನು ಹೇಳಿದ್ರೆ ನೀವು ಅಲ್ಲಿ ಹೇಳಬೇಕಾಗುತ್ತೆ. ಇಬ್ಬರಿಗೂ ಯಾಕೆ ತಾಪತ್ರಯ?"

ಬೇರೆ ದಿನವಾಗಿದ್ದರೆ ಅವಳು ತೆಪ್ಪಗಿರುತ್ತಿದ್ದಳು. ಇವತ್ತು ಆಗಲಿಲ್ಲ. ಅವನು ಫೋನ್ ಹಿಡಿದು ಪಡಸಾಲೆಯ ಆ ತುದಿಗೆ ಹೋಗುತ್ತಿದ್ದಂತೆ ಬಾಗಿಲು ತಳ್ಳಿಯೇಬಿಟ್ಟಳು.

ಪ್ರಧಾನಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಟ್ಟಿಮುಟ್ಟಾಗಿ ಮೇಜಿನ ಮುಂದೆ ಕೂತಿದ್ದರು. ಅವಳನ್ನು ಕಂಡು ಮರ್ಯಾದೆಯಿಂದ ಎದ್ದುನಿಂತರು.

"ಬನ್ನಿ, ಕೂತ್ಕೊಳ್ಳಿ. ತಾವು ಯಾರು ಅಂತ ಗೊತ್ತಾಗಲಿಲ್ಲ."

"ನಾನು ಸಾರ್... ನಿಮ್ಮ ವಕ್ತಾರೆ. ನಿಮ್ಮ ಪರವಾಗಿ ಮಾತಾಡೋಳು."

ಅವರ ಮುಖದಲ್ಲಿ ಕುತೂಹಲ ಅರಳಿತು. "ಹೌದಾ? ಹಾಗಾದ್ರೆ ನಿಮಗೆ ಗೊತ್ತಿರಬೇಕು. ನಾನು ಇವತ್ತು ಏನು ಹೇಳ್ತೀನಿ?"

ಅವಳು ಕೈ ಮುಗಿದು ಹೊರಬಂದಳು.

ಬಾಗಿಲಲ್ಲೇ ಕಾರ್ಯದರ್ಶಿ ಬಿಳಿಚಿಕೊಂಡು ನಿಂತಿದ್ದ. "ನೋಡಿಲ್ಲ ಅಂದುಬಿಡಿ ಮೇಡಂ. ಒಂದೇ ಒಂದು ಸಲ. ಅಷ್ಟರಲ್ಲಿ ನಾವೆಲ್ಲ ಸರಿ ಮಾಡ್ಕೋತೀವಿ."

"ಅಲ್ಲೀವರೆಗೆ ದೇಶ ನಡೆಸೋರು ಯಾರು ಸಾರ್?"

ಅವನು ಬಾಗಿಲನ್ನು ಎಳೆದು ಭದ್ರವಾಗಿ ಮುಚ್ಚಿದ. ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ತಾನು ಜೋಪಾನ ಮಾಡಿದ್ದು ಸತ್ಯವನ್ನಲ್ಲ, ಈ ಬಾಗಿಲನ್ನು ಎನಿಸಿತು.

ಪತ್ರಿಕಾಗೋಷ್ಠಿಯ ಹಾಲ್ ಎಂದಿನಂತೆ ಗಿಜಿಗುಡುತ್ತಿತ್ತು. ಮುಂದಿನ ಸಾಲಿನಲ್ಲಿ ಎಲ್ಲರೂ ಅಜ್ಜ ಎಂದು ಕರೆಯುವ ಮುದಿ ವರದಿಗಾರ ಕೂತಿದ್ದ. ಆ ವಾರವೆಲ್ಲ ಅವನದು ಒಂದೇ ಪ್ರಶ್ನೆ, ಅವಳದು ಒಂದೇ ಉತ್ತರ. ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ ಅವಳು ಬಾಯಿ ತೆರೆಯುವ ಮೊದಲೇ 'ಇಲ್ಲ' ಎಂದು ಬರೆದುಕೊಳ್ಳುತ್ತಿದ್ದ.

"ಪ್ರಧಾನಿಯವರನ್ನ ನೀವೇ ಕಣ್ಣಾರೆ ನೋಡಿದ್ರಾ ತಾಯಿ?" ಎಂದು ಕೇಳಿ ಇವತ್ತೂ ಬರೆಯತೊಡಗಿದ.

ಹಿಂಬಾಗಿಲ ಹತ್ತಿರ ಕಾರ್ಯದರ್ಶಿ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ. ಕೆಲಸ ಇವತ್ತಿಗೇ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

"ನೋಡಿದೆ."

ಅಜ್ಜನ ಪೆನ್ನು ನಿಂತಿತು. "ಹೇಗಿದಾರೆ?"

"ಮೈಯಲ್ಲಿ ಗಟ್ಟಿಯಾಗಿದಾರೆ. ಆದ್ರೆ ನಾನು ಯಾರು ಅಂತ ಅವರಿಗೆ ಗೊತ್ತಾಗಲಿಲ್ಲ. ಇವತ್ತು ತಾವು ಏನು ಹೇಳೋದು ಅಂತ ನನ್ನನ್ನೇ ಕೇಳಿದ್ರು," ಎಂದಳು ವಕ್ತಾರೆ. "ನಾನು ಹೇಳಿಕೊಡಲಿಲ್ಲ."