ಹಳ್ಳ ಬಿದ್ದ ಕೇಕು

ಒವನ್ನಿನ ಬಾಗಿಲು ತೆರೆದು ಇಣುಕಿದ ಮಗಳು, "ಅಯ್ಯೋ, ಉಬ್ಬಿಬಿಟ್ಟಿದೆ!" ಎಂದಳು.

"ಕೇಕು ಅಂದ್ಮೇಲೆ ಉಬ್ಬದೆ ಇನ್ನೇನು, ಬಿಕ್ಕಳಿಸತ್ತಾ?" ಚಿಕ್ಕಮ್ಮ ಕಪ್ಪು ತೊಳೆಯುತ್ತಲೇ ಕೇಳಿದಳು. ಸತ್ತುಹೋದ ಅಮ್ಮನ ತಂಗಿ ಇವಳು. ಬೆಳಿಗ್ಗೆಯಿಂದ ಅತ್ತಿದ್ದರೂ ಕೆಣಕುವುದನ್ನು ಬಿಟ್ಟಿರಲಿಲ್ಲ.

"ಅಮ್ಮ ಮಾಡಿದ್ದು ಯಾವತ್ತಾದ್ರೂ ಹೀಗೆ ಉಬ್ಬಿತ್ತಾ ಚಿಕ್ಕಮ್ಮ?"

ಮಗಳು ಕೇಕಿನ ತಗಡನ್ನು ಹೊರತೆಗೆದು ಕಟ್ಟೆಯ ಮೇಲಿಟ್ಟಳು. ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. ಕೇಕು ತಗಡಿನ ಅಂಚು ದಾಟಿ ದುಂಡಗೆ ಎದ್ದು ನಿಂತಿತ್ತು. ಬೇರೆ ಯಾರ ಮನೆಯಲ್ಲಾದರೂ ಹೊಗಳಿಸಿಕೊಳ್ಳುತ್ತಿತ್ತು. ಈ ಮನೆಯಲ್ಲಿ ಮಾತ್ರ ಅದು ಕೆಟ್ಟುಹೋದ ಕೇಕು.

ಮಣ್ಣು ಮಾಡಿ ಬಂದವರು ಹೊರಕೋಣೆಯಲ್ಲಿ ಕುಳಿತಿದ್ದರು. "ನಾನು ಹೋದ್ಮೇಲೆ ಬಂದವರಿಗೆ ಬೇಕರಿಯದು ತಂದುಕೊಟ್ಟು ನನ್ನ ಮಾನ ಕಳೀಬೇಡ" ಎಂದು ಅಮ್ಮ ಎಂದೋ ಹೇಳಿಟ್ಟಿದ್ದಳು. ಅದಕ್ಕೇ ಮಗಳು ಬಂದವಳೇ ಕೈಕಾಲು ತೊಳೆದು ಅಮ್ಮನ ಅಡುಗೆ ಪುಸ್ತಕ ತೆರೆದಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಬಂದವರ ಚಿಂತೆ ಅಷ್ಟಿರಲಿಲ್ಲ. ಚಿಂತೆ ಅಪ್ಪನದು. ಆಸ್ಪತ್ರೆಯಿಂದ ಬಂದಮೇಲೆ ಅಪ್ಪ ಒಂದು ತುತ್ತು ತಿಂದಿರಲಿಲ್ಲ, ಒಂದು ಮಾತಾಡಿರಲಿಲ್ಲ. ಬೀಗ ರಿಪೇರಿ ಅವರ ಕಸುಬು. "ಊರಿನ ಬೀಗ ಎಲ್ಲಾ ತೆಗೆಯೋ ಮನುಷ್ಯ ತಮ್ಮ ಬಾಯಿಗೇ ಬೀಗ ಹಾಕ್ಕೊಂಡಿದಾರೆ ನೋಡು" ಎಂದು ಚಿಕ್ಕಮ್ಮ ಸಂಕಟಪಟ್ಟಿದ್ದಳು. ಅಮ್ಮನ ಕೇಕಾದರೆ ಒಂದು ಚೂರು ತಿಂದಾರು ಎಂಬ ಆಸೆ ಮಗಳದು.

ಇಬ್ಬರೂ ಕೇಕು ನೋಡುತ್ತ ನಿಂತಿರುವಾಗಲೇ ಅಪ್ಪನೇ ಅಡುಗೆಮನೆಗೆ ಬಂದರು. ವಾಸನೆ ಎಳೆದು ತಂದಿರಬೇಕು. ಯಾರನ್ನೂ ನೋಡದೆ ಕಪಾಟಿನಿಂದ ಜಾಮಿನ ಸೀಸೆ ಇಳಿಸಿ, ಮುಚ್ಚಳ ತಿರುಗಿಸಿ, ದೊಡ್ಡ ಚಮಚ ಅದ್ದಿ, ಕೇಕಿನತ್ತ ತಿರುಗಿದರು. ನೋಡಿದರು. ಚಮಚವನ್ನು ಸೀಸೆಯೊಳಕ್ಕೇ ಬಿಟ್ಟು ಹಿತ್ತಲ ಮೆಟ್ಟಿಲಿಗೆ ಹೋಗಿ ಕುಳಿತರು.

*

ಆ ಮನೆಯ ಭಾನುವಾರಕ್ಕೆ ಒಂದು ಕ್ರಮವಿತ್ತು. ಅಮ್ಮ ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು, ಬೀದಿಯವರಿಗೆಲ್ಲ ಕನ್ನಡಕದಕ್ಕ. ಭಾನುವಾರ ಮಾತ್ರ ಆ ಪುಸ್ತಕ, ಆ ಕೇಕು. ಅಡುಗೆಮನೆಗೆ ಯಾರೂ ಕಾಲಿಡುವಂತಿಲ್ಲ. ಕೇಕು ಉಬ್ಬುತ್ತಿತ್ತು, ಹೊರಗೆ ತೆಗೆದ ಕೂಡಲೇ ನಡುವೆ ಹಳ್ಳ ಬೀಳುತ್ತಿತ್ತು. ಪ್ರತಿ ವಾರವೂ ಅದೇ ಹಳ್ಳ.

"ಸ್ವಲ್ಪ ಏನಾದ್ರೂ ಬದಲಾಯಿಸಿ ನೋಡಬಾರದೇನೇ?" ಎಂದು ಅಪ್ಪ ಕೇಳಿದರೆ, "ಪುಸ್ತಕ ಬರೆದವರಿಗಿಂತ ನಾನು ಬುದ್ಧಿವಂತಳಾ?" ಎನ್ನುವಳು.

"ಪುಸ್ತಕದಲ್ಲಿ ಎತ್ತು ಈಯಿತು ಅಂತ ಬರೆದಿದ್ರೆ ಕರು ಕಟ್ಟೋಕೆ ಹಗ್ಗ ಹುಡುಕೋಳು ನೀನು."

ಆ ಹಳ್ಳಕ್ಕೆ ಜಾಮು ಸುರಿದು ಮಟ್ಟ ಮಾಡುವುದು ಅಪ್ಪನ ಕೆಲಸವಾಯಿತು. ಬೀಗದ ಕಿಂಡಿಗೆ ಎಣ್ಣೆ ಬಿಡುವಷ್ಟೇ ಹುಷಾರಾಗಿ ಅಂಚಿನವರೆಗೆ ತುಂಬಿಸಿ, ಕೊನೆಗೆ ಚಮಚ ಬಾಯಿಗಿಡುತ್ತಿದ್ದರು. "ಚಮಚ ನೆಕ್ಕಬೇಡಿ ಅಂತ ಎಷ್ಟು ಸಲ ಹೇಳೋದು!" ಎಂದು ಅಮ್ಮ ಗದರುತ್ತಿದ್ದಳು. ಅಪ್ಪ ಎರಡೂ ಬದಿ ನೆಕ್ಕಿ ತಟ್ಟೆಗೆ ಕೈ ಚಾಚುತ್ತಿದ್ದರು.

*

"ಸೋಡಾ ಪುಡಿ ಎಷ್ಟು ಹಾಕಿದೆಯಮ್ಮಾ?"

ಬಾಗಿಲಲ್ಲಿ ದಪ್ಪ ಕನ್ನಡಕದ ಮುದುಕಿಯೊಬ್ಬರು ಕೋಲೂರಿ ನಿಂತಿದ್ದರು. ಮಣ್ಣು ಮಾಡುವಾಗಲೂ ಎಲ್ಲರಿಗಿಂತ ಹಿಂದೆ ನಿಂತಿದ್ದವರು ಇವರೇ.

"ಪುಸ್ತಕದಲ್ಲಿರೋ ಹಾಗೇ ಹಾಕಿದೆ. ಎರಡು ಚಮಚ ಅನ್ನೋದನ್ನ ಹೊಡೆದು ಯಾರೋ ಒಂದು ಅಂತ ಬರೆದಿದ್ರು, ಒಂದೇ ಹಾಕಿದೆ."

"ಆ ಯಾರೋ ನಾನೇ," ಎಂದರು ಮುದುಕಿ. "ಪುಸ್ತಕ ಬರೆದವಳೂ ನಾನೇ."

ಚಿಕ್ಕಮ್ಮ ಕಪ್ಪನ್ನು ಹಾಗೇ ಹಿಡಿದು ನಿಂತಳು.

*

ಮುದುಕಿ ಆಗಿನ್ನೂ ಮುದುಕಿಯಾಗಿರಲಿಲ್ಲ. ಮೊದಲ ಕನ್ನಡಕ ಮಾಡಿಸಲು ಅಂಗಡಿಗೆ ಬಂದಾಗ ಬಿಲ್ಲಿಗೆ ಹೆಸರು ಕೊಟ್ಟರು. ಹೆಸರು ಕೇಳಿ ಅಮ್ಮನ ಕೈಯಲ್ಲಿದ್ದ ಫ್ರೇಮು ಜಾರಿತು. ಕನ್ನಡಕ ಒಯ್ಯಲು ಬರುವ ದಿನಕ್ಕೆ ಅವಳು ಕೇಕು ಮಾಡಿ, ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು.

ಲೇಖಕಿ ಹೊಸ ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದೇ ಆ ಕೇಕು. "ಇದೇನಮ್ಮಾ, ಇದರ ಮೇಲೆ ಯಾರಾದ್ರೂ ಕೂತಿದ್ರಾ?"

"ನಿಮ್ಮದೇ ಕೇಕು ಮೇಡಂ. ಒಂದಕ್ಷರ ಆಚೀಚೆ ಮಾಡಿಲ್ಲ."

ಲೇಖಕಿ ಪುಟ ತೆರೆಸಿ ಓದಿದರು. ಅವರ ಮುಖ ಕೆಂಪಾಯಿತು. "ಒಂದು ಅಂತ ಇರಬೇಕಿತ್ತು. ಅಚ್ಚಿಗೆ ಹೋಗೋ ಮುಂಚೆ ತಪ್ಪು ನೋಡಿ ತಿದ್ದಬೇಕಾದವಳು ನಾನೇ. ಕಣ್ಣು ಆಗಲೇ ಮಂಜಾಗಿತ್ತು, ಕನ್ನಡಕ ಹಾಕಿದ್ರೆ ವಯಸ್ಸಾಯ್ತು ಅಂತಾರೆ ಅಂತ ಜಂಭ." ಅಂಗಡಿಯ ಪೆನ್ನಿನಿಂದಲೇ 'ಎರಡು' ಹೊಡೆದು 'ಒಂದು' ಎಂದು ಬರೆದರು. "ಇಷ್ಟು ವರ್ಷ ನಿನ್ನ ಕೇಕು ಕೆಡಿಸಿದೆನಲ್ಲಮ್ಮಾ."

"ಕೆಟ್ಟಿದ್ರೆ ತಾನೇ," ಎಂದಳು ಅಮ್ಮ. ಇಬ್ಬರೂ ಅಂಗಡಿಯ ಸ್ಟೂಲುಗಳ ಮೇಲೆ ಕುಳಿತು ತಿಂದರು.

*

"ಮತ್ತೆ ಅಮ್ಮ ಯಾಕೆ ತಿದ್ಕೊಳ್ಳಲಿಲ್ಲ?" ಮಗಳು ಕೇಳಿದಳು.

"ನಾನೂ ಕೇಳಿದೆ, ಮುಂದಿನ ಸಲ ಗಾಜು ಬದಲಾಯಿಸೋಕೆ ಹೋದಾಗ. ಒಂದೇ ಒಂದು ಸಲ ಸರಿಯಾಗಿ ಮಾಡಿದ್ಳಂತೆ. 'ನಮ್ಮೆಜಮಾನ್ರು ಜಾಮು ಹಿಡ್ಕೊಂಡು ಎಲ್ಲಿ ಹಾಕ್ಲಿ ಅಂತ ನಿಂತ್ಬಿಟ್ರು ಮೇಡಂ. ಆ ಮುಖ ನೋಡೋಕಾಗ್ಲಿಲ್ಲ. ನೀವು ಬೇಜಾರು ಮಾಡ್ಕೋಬೇಡಿ, ನಾನು ಎರಡಕ್ಕೇ ವಾಪಸ್ ಬಂದೆ' ಅಂದ್ಳು."

ಮಗಳಿಗೆ ಆ ಭಾನುವಾರ ಗೊತ್ತಿರಲಿಲ್ಲ, ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಈಗ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಇನ್ನೊಂದು ಮಾಡ್ತೀನಿ," ಎಂದಳು.

"ಮೊಟ್ಟೆ ಎಲ್ಲಿದೆ? ಎಲ್ಲಾ ಇದಕ್ಕೇ ಸುರಿದೆಯಲ್ಲ," ಎಂದಳು ಚಿಕ್ಕಮ್ಮ.

ಮುದುಕಿ ಕೋಲನ್ನು ಗೋಡೆಗೆ ಒರಗಿಸಿ, ನಲ್ಲಿಯಲ್ಲಿ ಕೈ ತೊಳೆದುಕೊಂಡರು. "ತಿದ್ದಿದ್ದು ನಾನು. ಹಾಳುಮಾಡೋದೂ ನನ್ನ ಕೆಲಸವೇ," ಎನ್ನುತ್ತ ಮುಷ್ಟಿ ಕಟ್ಟಿ ಬಿಸಿ ಕೇಕಿನ ನಡುವೆ ಮೆಲ್ಲಗೆ ಒತ್ತಿದರು. ಕೇಕು ಉಸ್ಸೆಂದು ಕುಸಿಯಿತು. ಅಮ್ಮನ ಹಳ್ಳದಷ್ಟು ದುಂಡಗಿರಲಿಲ್ಲ, ಆದರೂ ಹಳ್ಳವೇ.

"ಅಪ್ಪಾ, ಸ್ವಲ್ಪ ಬಾ ಇಲ್ಲಿ," ಮಗಳು ಕರೆದಳು.

ಅಪ್ಪ ಬಂದು ಬಾಗಿ ನೋಡಿದರು. ಮುದುಕಿಯ ಬೆರಳಿಗೆ ಅಂಟಿದ ಚೂರುಗಳನ್ನೂ ನೋಡಿದರು. ಸೀಸೆ ಎತ್ತಿಕೊಂಡು ಒಂದೊಂದೇ ಚಮಚ ಸುರಿದು, ಅಂಚಿನವರೆಗೆ ತಂದು, ಮೇಲ್ಭಾಗ ಸವರಿ ಮಟ್ಟ ಮಾಡಿದರು.

ಆಮೇಲೆ ಚಮಚ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಅಪ್ಪನ ಕಣ್ಣು ಒವನ್ನಿನ ಪಕ್ಕಕ್ಕೆ, ಅಮ್ಮ ನಿಲ್ಲುತ್ತಿದ್ದ ಜಾಗಕ್ಕೆ ಹೋಯಿತು. ಚಮಚದ ತುದಿಯ ಜಾಮು ಇಳಿದು ಅವರ ಅಂಗಿಯ ಮೇಲೆ ಬಿತ್ತು.

"ಚಮಚ ನೆಕ್ಕಬೇಡಿ ಅಂತ," ಮಗಳ ದನಿ ಒಡೆಯಿತು, "ಎಷ್ಟು ಸಲ ಹೇಳೋದು!"

ಅಪ್ಪ ಎರಡೂ ಬದಿ ನೆಕ್ಕಿದರು. ಆಮೇಲೆ ತಟ್ಟೆಗೆ ಕೈ ಚಾಚಿದರು.